ಸಂಸಾರದ ನಡುವೆ ಲೇಖನಿ: ನಮ್ಮ ಚರಿತ್ರೆ ಕಲಿಸುವ ಪಾಠ

ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವನ್ನು ನಮ್ಮ ಭಾಗದವರೆಲ್ಲರೂ ಬಲ್ಲರು. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಈ ನದಿ ದೊಡ್ಡದೇನಲ್ಲ; ವರ್ಷದ ಬಹುಕಾಲ ಸಣ್ಣಗೆ ಹರಿಯುವಂಥದು. ಆ ಸಣ್ಣ ಹರಿವನ್ನೇ ತಡೆದು, ಕೂಡಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದವರು ಸುಮಾರು 6,000 ಹೆಕ್ಟೇರ್ ಭೂಮಿಗೆ ನೀರುಣಿಸುವ ಆಸರೆಯನ್ನು ನಿರ್ಮಿಸಿದರು.

ನೀರು ಎಷ್ಟಿದೆ ಎಂಬುದಕ್ಕಿಂತ ಅದನ್ನು ಹೇಗೆ ಹಂಚುತ್ತೇವೆ ಎಂಬುದೇ ಯಾವ ಅಚ್ಚುಕಟ್ಟಿನಲ್ಲಿಯೂ ದೊಡ್ಡ ಪ್ರಶ್ನೆ. ನಮ್ಮ ಬಯಲುಸೀಮೆಯ ಕೆರೆಗಳಿಗೆ ಹಿಂದಿನಿಂದಲೂ ನೀರುಗಂಟಿ ಎಂಬವನಿದ್ದ. ಯಾರ ಗದ್ದೆಗೆ ಯಾವ ಹೊತ್ತಿಗೆ, ಎಷ್ಟು ಹೊತ್ತು ನೀರು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ನೀರುಗಂಟಿ ಇಲ್ಲದ ಕಡೆ ತೂಬಿನ ಹತ್ತಿರದ ಗದ್ದೆಗಳು ತುಂಬಿ ತುಳುಕುತ್ತವೆ. ಕಾಲುವೆಯ ಕೊನೆಯ ಗದ್ದೆ ಒಣಗುತ್ತದೆ.

ನಮ್ಮ ಮನೆಗಳ ದಿನಚರಿಯೂ ಇಂಥದೇ ಒಂದು ಕಾಲುವೆ. ಬೆಳಗಿನ ಫಜ್ರ್‌ನಿಂದ ರಾತ್ರಿಯ ಇಶಾವರೆಗೆ ಹರಿಯುವ ಸಮಯವೆಂಬ ನೀರು ಅಡುಗೆ, ಮಕ್ಕಳ ಶಾಲೆ, ಅಂಗಡಿ, ಕಚೇರಿ, ವೃದ್ಧ ತಂದೆತಾಯಿಯರ ಔಷಧೋಪಚಾರ, ಬಂಧುಗಳ ಮದುವೆ ಎಂಬ ಗದ್ದೆಗಳನ್ನು ದಾಟುವಷ್ಟರಲ್ಲಿಯೇ ಮುಗಿದುಹೋಗುತ್ತದೆ. ಓದು ಮತ್ತು ಬರವಣಿಗೆ ಎಂಬ ಕೊನೆಯ ಗದ್ದೆಗೆ ಅದು ತಲುಪುವುದೇ ಇಲ್ಲ. ಬರೆಯಬೇಕೆಂಬ ಆಸೆಯುಳ್ಳ ಎಷ್ಟೋ ಸಹೋದರಿಯರು, ಸಹೋದರರು ನಮ್ಮ ನಡುವೆ ಇದ್ದಾರೆ. ಸಮಯವೆಲ್ಲಿದೆ ಎಂಬುದು ಅವರೆಲ್ಲರ ಒಂದೇ ಮಾತು. ಈ ಮಾತು ಸುಳ್ಳಲ್ಲ. ಆದರೆ ನಮಗಿಂತ ಹಿಂದೆ ಬಾಳಿದವರಿಗೂ ಇದೇ ಇಪ್ಪತ್ತನಾಲ್ಕು ಗಂಟೆಗಳಿದ್ದವು, ಇದೇ ಸಂಸಾರವಿತ್ತು. ಅವರು ಏನು ಮಾಡಿದರು ಎಂಬುದನ್ನು ತಿಳಿಯುವುದು ನಮಗೆ ಪ್ರಯೋಜನಕಾರಿ.

ಬರೆಯದೆ ಹೋದರೆ ಆಗುವ ನಷ್ಟ

ಕಥೆ, ಕವಿತೆ ಬರೆಯುವುದು ಬಿಡುವಿದ್ದವರ ಹವ್ಯಾಸವಲ್ಲವೇ, ಅದಕ್ಕಾಗಿ ಇಷ್ಟೊಂದು ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಅವರ ಮುಂದೆ ಒಂದು ಸಣ್ಣ ಉದಾಹರಣೆಯನ್ನಿಡುತ್ತೇವೆ. ಕುಣಿಗಲ್‌ನ ಕುದುರೆ ಫಾರಂ ನಾಡಿಗೇ ಹೆಸರಾದುದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲಕ್ಕೆ ಸೇರಿದ ಅದರ ಚರಿತ್ರೆಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿನ ಕುದುರೆಗಳ ವಂಶಾವಳಿಯನ್ನು ಕೂಡ ದಾಖಲಿಸಿಡಲಾಗುತ್ತದೆ. ಆದರೆ ಅದೇ ಕುಣಿಗಲ್, ಗುಬ್ಬಿ, ತುಮಕೂರುಗಳಲ್ಲಿ ಅದೇ ಕಾಲದಿಂದ ಬಾಳಿ ಬಂದ ನಮ್ಮ ಅಜ್ಜಿ, ಮುತ್ತಜ್ಜಿಯರು ಏನು ಯೋಚಿಸಿದರು, ಬರಗಾಲದಲ್ಲಿ ಮಕ್ಕಳನ್ನು ಹೇಗೆ ಸಾಕಿದರು, ರಮಳಾನಿನ ರಾತ್ರಿಗಳಲ್ಲಿ ಯಾವ ಕಥೆಗಳನ್ನು ಹೇಳಿದರು? ಮನೆಯೊಳಗೆ ದಖನಿ, ಬೀದಿಯಲ್ಲಿ ಕನ್ನಡ, ನಮಾಝಿನಲ್ಲಿ ಅರಬಿ ಎಂಬ ಮೂರು ಭಾಷೆಗಳ ಬದುಕನ್ನು ಅವರು ಹೇಗೆ ನಿಭಾಯಿಸಿದರು? ಹೇಳುವವರಿಲ್ಲ. ಕುದುರೆಗಳ ತಲೆಮಾರುಗಳನ್ನು ಬಲ್ಲ ನಾವು ನಮ್ಮ ಮನೆಯ ಹೆಣ್ಣುಮಕ್ಕಳ ಮೂರನೆಯ ತಲೆಮಾರಿನ ಹೆಸರನ್ನೂ ಮರೆತಿದ್ದೇವೆ. ಏಕೆಂದರೆ ಅದನ್ನು ಯಾರೂ ಬರೆಯಲಿಲ್ಲ.

ತನ್ನ ಕಥೆಯನ್ನು ತಾನು ಬರೆಯದ ಸಮುದಾಯದ ಕಥೆಯನ್ನು ಇತರರು ಬರೆಯುತ್ತಾರೆ; ತಮಗೆ ಕಂಡಂತೆ, ಕೆಲವೊಮ್ಮೆ ತಮಗೆ ಬೇಕಾದಂತೆ. ಆಮೇಲೆ ನಮ್ಮನ್ನು ತಪ್ಪಾಗಿ ಚಿತ್ರಿಸಿದರೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಇದು ಕೇವಲ ಹವ್ಯಾಸದ ವಿಷಯವಲ್ಲ.

ಲೇಖನಿಯ ಸ್ಥಾನ

ಇಸ್ಲಾಮಿನಲ್ಲಿ ಲೇಖನಿಗಿರುವ ಗೌರವ ನಮಗೆಲ್ಲ ತಿಳಿದದ್ದೇ. ಪ್ರವಾದಿ ಮುಹಮ್ಮದ್(ಸ)ರಿಗೆ ಮೊಟ್ಟಮೊದಲು ಅವತೀರ್ಣವಾದ ಅಲ್ ಅಲಕ್ ಅಧ್ಯಾಯದ ಸೂಕ್ತಗಳು ಓದಿನ ಆಜ್ಞೆಯಿಂದ ಆರಂಭವಾಗಿ, ಲೇಖನಿಯ ಮೂಲಕ ಮಾನವನಿಗೆ ಕಲಿಸಿದ ಪ್ರಭುವನ್ನು ಸ್ಮರಿಸುತ್ತವೆ. 68ನೆಯ ಅಧ್ಯಾಯಕ್ಕೆ ಅಲ್ ಕಲಮ್ ಎಂದೇ ಹೆಸರು. ಕವಿಗಳ ಹೆಸರನ್ನು ಹೊತ್ತ ಅಶ್ಶುಅರಾ ಅಧ್ಯಾಯವು ದಿಕ್ಕುಗೆಟ್ಟು ಅಲೆಯುವ ಕವಿಗಳನ್ನು ಖಂಡಿಸುತ್ತದೆಯಾದರೂ, ಕೊನೆಯಲ್ಲಿ ಸತ್ಯವಿಶ್ವಾಸಿಗಳಾದ, ಸತ್ಕರ್ಮಿಗಳಾದ ಕವಿಗಳನ್ನು ಆ ಖಂಡನೆಯಿಂದ ಹೊರಗಿಡುತ್ತದೆ. ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗಾಗಿ ಪ್ರವಾದಿ(ಸ)ಯವರ ಮಸೀದಿಯಲ್ಲಿಯೇ ವೇದಿಕೆ ಇಡಲಾಗುತ್ತಿತ್ತು. ಕವಯಿತ್ರಿ ಖನ್ಸಾ(ರ)ರ ಕವಿತೆಯನ್ನು ಪ್ರವಾದಿ(ಸ)ಯವರು ಆಸಕ್ತಿಯಿಂದ ಆಲಿಸುತ್ತಿದ್ದರು.

ಲೇಖನಿ ಮನೆಯೊಳಕ್ಕೆ ಬಂದುದೂ ಅದೇ ಕಾಲದಲ್ಲಿ. ಮಕ್ಕಾದಲ್ಲಿ ಅಕ್ಷರ ಬಲ್ಲ ಕೆಲವೇ ಮಹಿಳೆಯರಲ್ಲಿ ಒಬ್ಬರಾಗಿದ್ದ ಶಿಫಾ ಬಿಂತ್ ಅಬ್ದುಲ್ಲಾಹ್(ರ)ರು ಪ್ರವಾದಿ ಪತ್ನಿ ಹ. ಹಫ್ಸಾ(ರ)ರಿಗೆ ಬರವಣಿಗೆ ಕಲಿಸಿದರು. ಮುಂದೆ ಹ. ಅಬೂಬಕರ್(ರ)ರ ಕಾಲದಲ್ಲಿ ಸಂಗ್ರಹಿಸಲಾದ ಕುರ್‌ಆನಿನ ಹಾಳೆಗಳು ಹ. ಉಮರ್(ರ)ರ ನಂತರ ಇದೇ ಹಫ್ಸಾ(ರ)ರ ಬಳಿ ಸುರಕ್ಷಿತವಾಗಿದ್ದವು. ಹ. ಉಸ್ಮಾನ್(ರ)ರು ಪ್ರತಿಗಳನ್ನು ಮಾಡಿಸುವಾಗ ಅವುಗಳನ್ನು ತರಿಸಿಕೊಂಡು, ಕೆಲಸ ಮುಗಿದ ಮೇಲೆ ಹಿಂದಿರುಗಿಸಿದರು. ಲೋಕದ ಅತಿ ಅಮೂಲ್ಯ ಬರಹವು ಅಕ್ಷರ ಬಲ್ಲ ಒಬ್ಬ ಮಹಿಳೆಯ ಮನೆಯಲ್ಲಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಹಕ್ಕುಗಳ ಹಂಚಿಕೆ

ಹಾಗೆಂದು ಬರೆಯುವ ನೆಪದಲ್ಲಿ ಮನೆಯನ್ನು ಮರೆಯಬಹುದೇ? ಖಂಡಿತ ಇಲ್ಲ. ಸಲ್ಮಾನ್ ಫಾರಿಸಿ(ರ) ಮತ್ತು ಅಬುದ್ದರ್ದಾ(ರ)ರ ಪ್ರಸಂಗವನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ. ಅಬುದ್ದರ್ದಾ(ರ)ರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝಿನಲ್ಲಿ ಮುಳುಗಿ ಪತ್ನಿಯ ಕಡೆ ಗಮನವನ್ನೇ ಹರಿಸದಿದ್ದಾಗ, ಸಲ್ಮಾನ್(ರ)ರು ಅವರನ್ನು ತಡೆದರು. ಪ್ರಭುವಿಗೆ, ಸ್ವಂತ ದೇಹಕ್ಕೆ, ಮನೆಯವರಿಗೆ ಎಲ್ಲರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರ ಪಾಲನ್ನು ಕೊಡು ಎಂದು ತಿಳಿಹೇಳಿದರು. ಪ್ರವಾದಿ(ಸ)ಯವರು ಅದನ್ನು ಸತ್ಯವೆಂದು ಒಪ್ಪಿದರು. ಆರಾಧನೆಗೇ ಈ ಮಿತಿ ಇರುವಾಗ ಬರವಣಿಗೆಗೆ ಇಲ್ಲದಿರುತ್ತದೆಯೇ?

ಆದರೆ ಇದೇ ಬೋಧನೆಗೆ ಇನ್ನೊಂದು ಮಗ್ಗುಲಿದೆ. ದೇಹಕ್ಕೂ ಆತ್ಮಕ್ಕೂ ಹಕ್ಕಿದೆ ಎಂದ ಮೇಲೆ, ಮನೆಯವರೆಲ್ಲರ ಹಕ್ಕುಗಳನ್ನು ಪೂರೈಸುತ್ತ ತನ್ನ ಪಾಲನ್ನು ಎಂದೂ ಪಡೆಯದ ಗೃಹಿಣಿಯ ಹಕ್ಕಿನ ಬಗ್ಗೆಯೂ ನಾವು ಕೇಳಬೇಕಾಗುತ್ತದೆ. ಮದೀನಾದ ಹರ್ರಾ ಪ್ರದೇಶದ ನೀರಿನ ಕಾಲುವೆಯ ಬಗ್ಗೆ ಝುಬೈರ್(ರ) ಹಾಗೂ ಒಬ್ಬ ಅನ್ಸಾರಿಯ ನಡುವೆ ವಿವಾದ ಬಂದಾಗ ಪ್ರವಾದಿ(ಸ)ಯವರು ಮೊದಲು ನೀಡಿದ ಸಲಹೆ ಸರಳವಾಗಿತ್ತು: ಮೇಲಿನ ತೋಟದವರು ನೀರು ಹಾಯಿಸಿಕೊಂಡ ಬಳಿಕ ಕೆಳಗಿನವರಿಗೆ ಬಿಡಬೇಕು. ಮೇಲಿನ ತೋಟಕ್ಕೆ ಹಕ್ಕಿದೆ. ಆದರೆ ನೀರನ್ನೆಲ್ಲ ಕಟ್ಟಿ ನಿಲ್ಲಿಸಿಕೊಳ್ಳುವಂತಿಲ್ಲ. ನಮ್ಮ ಮನೆಗಳಲ್ಲಿ ಈ ನ್ಯಾಯ ಪಾಲನೆಯಾಗುತ್ತಿದೆಯೇ?

ಮನೆಯಲ್ಲಿ ಪ್ರವಾದಿ(ಸ)ಯವರು ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹ. ಆಯಿಶಾ(ರ)ರು ಕೊಟ್ಟ ಉತ್ತರ ಬುಖಾರಿಯಲ್ಲಿದೆ. ಅವರು ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು. ನಮಾಝಿನ ವೇಳೆಯಾದಾಗ ಎದ್ದು ಹೋಗುತ್ತಿದ್ದರು. ಒಂದು ರಾಜ್ಯದ ಹೊಣೆ ಹೊತ್ತವರಿಗೆ ಮನೆಗೆಲಸಕ್ಕೆ ಸಮಯ ಸಿಕ್ಕಿತೆಂದ ಮೇಲೆ, ಅಂಗಡಿಯ ಅಥವಾ ಕಚೇರಿಯ ಹೊಣೆ ಮಾತ್ರ ಹೊತ್ತ ನಮ್ಮ ಗಂಡಸರಿಗೆ ಏಕೆ ಸಿಗುವುದಿಲ್ಲ?

ನಮ್ಮ ವಿದ್ವಾಂಸರು ಸಮಯವನ್ನು ಕೂಡಿಟ್ಟ ಬಗೆಯೂ ಗಮನಾರ್ಹ. ಇಮಾಮ್ ಬುಖಾರಿಯವರು ರಾತ್ರಿ ಮಲಗಿದಲ್ಲಿಂದ ಹದಿನೈದಿಪ್ಪತ್ತು ಸಲ ಎದ್ದು, ದೀಪ ಹಚ್ಚಿ, ನೆನಪಾದುದನ್ನು ಗುರುತು ಹಾಕಿಕೊಂಡು ಮತ್ತೆ ಮಲಗುತ್ತಿದ್ದರೆಂದು ಅವರ ಜೊತೆಗಿದ್ದವರು ಹೇಳಿದ್ದಾರೆ. ಹಿಜರಿ 597ರಲ್ಲಿ ನಿಧನರಾದ ಬಗ್ದಾದಿನ ಇಬ್ನುಲ್ ಜೌಝಿಯವರಿಗೆ ಕಾಡುಹರಟೆಗೆ ಬರುವ ಅತಿಥಿಗಳದೇ ತೊಂದರೆ. ಬಂದವರನ್ನು ಕಳಿಸಿದರೆ ಸಂಬಂಧ ಕೆಡುತ್ತದೆ, ಕೂರಿಸಿಕೊಂಡರೆ ಸಮಯ ಹಾಳಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾದುದು. ಕಾಗದ ಕತ್ತರಿಸುವುದು, ಲೇಖನಿಗಳನ್ನು ಚೂಪು ಮಾಡುವುದು, ಹಾಳೆಗಳನ್ನು ಕಟ್ಟುವುದು ಮುಂತಾದ, ಯೋಚನೆ ಬೇಡದ ಕೆಲಸಗಳನ್ನು ಅತಿಥಿಗಳು ಬರುವ ಹೊತ್ತಿಗೆಂದೇ ಮೀಸಲಿಟ್ಟರು. ಮಾತೂ ನಡೆಯಿತು, ಕೆಲಸವೂ ಸಾಗಿತು. ಏಕಾಂತ ಸಿಕ್ಕಾಗ ಬರೆಯುವುದಕ್ಕೆ ಎಲ್ಲವೂ ಸಿದ್ಧವಾಗಿರುತ್ತಿತ್ತು.

ಆದರೂ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಒಬ್ಬ ವಿದ್ವಾಂಸನು ಬರೆಯುತ್ತಿರುವಾಗ ಅವನ ಊಟ, ಬಟ್ಟೆ, ಮಕ್ಕಳ ಪಾಲನೆಯನ್ನು ಮತ್ತೊಬ್ಬರು ನೋಡಿಕೊಳ್ಳುತ್ತಿದ್ದರು. ಆ ಮತ್ತೊಬ್ಬರೇ ಬರೆಯಬಯಸಿದರೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ನಮ್ಮ ಬರಹಗಾರ್ತಿಯರ ಚರಿತ್ರೆಗೆ ಹೋಗಬೇಕು.

ಡಮಾಸ್ಕಸ್, ಸೊಕೊಟೊ, ಭಾಗಲ್ಪುರ

ಡಮಾಸ್ಕಸ್‌ನ ಆಯಿಶಾ ಅಲ್ ಬಾಊನಿಯ್ಯಾ ವಿದ್ವಾಂಸರ ಮನೆತನದವರು. ಬಾಲ್ಯದಲ್ಲಿಯೇ ಕುರ್‌ಆನನ್ನು ಕಂಠಪಾಠ ಮಾಡಿದವರು. ಮದುವೆಯಾಗಿ ಮಕ್ಕಳ ತಾಯಿಯಾದ ಮೇಲೂ ಕಾವ್ಯ ಮತ್ತು ಅಧ್ಯಾತ್ಮದ ಕೃತಿಗಳನ್ನು ರಚಿಸುತ್ತಲೇ ಬಂದರು. 1513ರಲ್ಲಿ ಮಗನಿಗೆ ಉದ್ಯೋಗ ಹುಡುಕಲೆಂದು ಅವನೊಂದಿಗೆ ಕೈರೋಗೆ ಹೊರಟಾಗ ದಾರಿಯಲ್ಲಿ ದರೋಡೆಕೋರರು ಅವರಲ್ಲಿದ್ದುದನ್ನೆಲ್ಲ ದೋಚಿದರು. ಅವರು ಬರೆದ ಕೃತಿಗಳೂ ಅದರಲ್ಲಿ ಹೋದವು. ಒಬ್ಬ ಲೇಖಕಿಗೆ ಇದಕ್ಕಿಂತ ದೊಡ್ಡ ನಷ್ಟವೇನಿದೆ? ಆದರೂ ಕೈರೋದಲ್ಲಿ ಆಶ್ರಯ ಸಿಕ್ಕಿದ ಮೇಲೆ ಮಗನ ಉದ್ಯೋಗದ ವ್ಯವಸ್ಥೆಯನ್ನೂ ಮಾಡಿಸಿದರು, ವಿದ್ವಾಂಸರೊಂದಿಗೆ ಚರ್ಚಿಸಿದರು, ಮತ್ತೆ ಲೇಖನಿ ಹಿಡಿದರು. 1517ರಲ್ಲಿ ನಿಧನರಾಗುವಾಗ ಅವರು ಬಿಟ್ಟುಹೋದ ಕೃತಿಗಳು, ಅಂದಿನವರೆಗಿನ ಮುಸ್ಲಿಮ್ ಮಹಿಳೆಯರಲ್ಲಿ ಇಷ್ಟು ಬರೆದವರು ಇನ್ನೊಬ್ಬರಿಲ್ಲ ಎನ್ನುವಷ್ಟಿದ್ದವು. ಆ ಪ್ರಯಾಣದಲ್ಲಿ ತಾಯಿಯ ಕರ್ತವ್ಯವೂ ಲೇಖಕಿಯ ಬದುಕೂ ಒಂದೇ ದಾರಿಯಲ್ಲಿ ಸಾಗಿದುದನ್ನು ಗಮನಿಸಬೇಕು.

ಪಶ್ಚಿಮ ಆಫ್ರಿಕಾದ ಸೊಕೊಟೊದಲ್ಲಿ, ಈಗಿನ ನೈಜೀರಿಯಾದಲ್ಲಿ, ನಾನಾ ಅಸ್ಮಾಉ (1793–1864) ಎಂಬ ಮಹಿಳೆ ಇದ್ದರು. ಸುಧಾರಕ ಉಸ್ಮಾನ್ ದಾನ್ ಫೋದಿಯೊರ ಮಗಳು; ವಝೀರರ ಪತ್ನಿ; ದೊಡ್ಡ ಮನೆತನವೊಂದನ್ನು ನಡೆಸುತ್ತಿದ್ದ ಗೃಹಿಣಿ, ತಾಯಿ. ಅರಬಿ, ಫುಲ್ಫುಲ್ಡೆ, ಹೌಸಾ ಭಾಷೆಗಳಲ್ಲಿ ದಶಕಗಳ ಕಾಲ ಪದ್ಯ ರಚಿಸಿದರು. ಸಂಸಾರದಲ್ಲಿ ಮುಳುಗಿದ ಸ್ತ್ರೀಯರಿಗೆ ಮದರಸಕ್ಕೆ ಬರಲು ಬಿಡುವಿಲ್ಲವೆಂಬುದನ್ನು ಅವರು ತಮ್ಮ ಅನುಭವದಿಂದಲೇ ಬಲ್ಲವರಾಗಿದ್ದರು. ಆದ್ದರಿಂದ ಧಾರ್ಮಿಕ ಜ್ಞಾನವನ್ನೂ ಚರಿತ್ರೆಯನ್ನೂ ಕೆಲಸ ಮಾಡುತ್ತ ಹಾಡಿಕೊಳ್ಳಬಹುದಾದ ಪದ್ಯಗಳಾಗಿ ಕಟ್ಟಿದರು. ಮನೆಯ ಹೊಣೆ ಕಡಿಮೆಯಿರುವ ಹಿರಿಯ ಸ್ತ್ರೀಯರೂ ಎಳೆಯ ಹುಡುಗಿಯರೂ ಅವರ ಬಳಿಗೆ ಬಂದು ಆ ಪದ್ಯಗಳನ್ನು ಕಲಿತು, ಹಳ್ಳಿಹಳ್ಳಿಯ ಮನೆಗಳಿಗೆ ಒಯ್ದರು. ಯನ್ ತಾರು ಎಂಬ ಹೆಸರಿನ ಈ ಸಂಘಟನೆಯ ವಿಶೇಷವೇನೆಂದರೆ, ಅದು ಗೃಹಿಣಿಯ ಬಿಡುವಿಲ್ಲದ ಬದುಕನ್ನು ದೂರಲಿಲ್ಲ. ಆ ಬದುಕಿಗೆ ಹೊಂದುವ ಸಾಹಿತ್ಯರೂಪವನ್ನು ಹುಡುಕಿತು.

ನಮ್ಮ ದೇಶದ ಉದಾಹರಣೆ ಬೇಗಂ ರುಕಿಯಾ ಸಖಾವತ್ ಹುಸೇನ್ (1880–1932). ಬಂಗಾಳದ ರಂಗಪುರ ಸೀಮೆಯ ಜಮೀನ್ದಾರರ ಮನೆಯಲ್ಲಿ ಹುಟ್ಟಿದ ಅವರಿಗೆ ಬಂಗಾಳಿ, ಇಂಗ್ಲಿಷ್ ಕಲಿಯುವ ಅವಕಾಶವಿರಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹೀಮ್ ಮೇಣದ ಬತ್ತಿಯ ಬೆಳಕಿನಲ್ಲಿ ತಂಗಿಗೆ ಪಾಠ ಹೇಳಿದರು. ಅಕ್ಕ ಕರೀಮುನ್ನಿಸಾ ಬಂಗಾಳಿಗೆ ಆಸರೆಯಾದರು. ಭಾಗಲ್ಪುರದಲ್ಲಿ ಅಧಿಕಾರಿಯಾಗಿದ್ದ ಪತಿ ಸಖಾವತ್ ಹುಸೇನರು ಬರೆಯಲು ಪ್ರೋತ್ಸಾಹಿಸಿದರು. ಪತಿ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾಗ, ಒಂಟಿತನದ ಹೊತ್ತು ಕಳೆಯಲು ಅವರು ಇಂಗ್ಲಿಷಿನಲ್ಲಿ ಬರೆದ ಕಥೆಯೇ ‘ಸುಲ್ತಾನಾಳ ಕನಸು’. ಹಿಂದಿರುಗಿದ ಪತಿ ಅದನ್ನು ನಿಂತ ನಿಲುವಿನಲ್ಲಿಯೇ ಪೂರ್ತಿ ಓದಿದರಂತೆ. 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ರುಕಿಯಾರ ಇಬ್ಬರು ಮಕ್ಕಳೂ ಶೈಶವದಲ್ಲಿಯೇ ತೀರಿಕೊಂಡರು. 1909ರಲ್ಲಿ ಪತಿಯೂ ಅಗಲಿದರು. ಆದರೂ ಅವರು ಸೋಲಲಿಲ್ಲ. 1911ರಲ್ಲಿ ಎಂಟು ವಿದ್ಯಾರ್ಥಿನಿಯರೊಂದಿಗೆ ಕಲ್ಕತ್ತೆಯಲ್ಲಿ ಶಾಲೆ ತೆರೆದು, ಅದನ್ನು ನಡೆಸುತ್ತಲೇ ಕೊನೆಯವರೆಗೂ ಬರೆದರು. ನಿಧನರಾದಾಗ ಅವರ ಮೇಜಿನ ಮೇಲೆ ಅಪೂರ್ಣ ಲೇಖನವೊಂದಿತ್ತು. ಅದರ ವಿಷಯ ಸ್ತ್ರೀಯರ ಹಕ್ಕು.

ಚಂದ್ರಗಿರಿಯ ತೀರದಿಂದ ಹಾಸನದವರೆಗೆ

ಇನ್ನು ಕನ್ನಡಕ್ಕೆ ಬರೋಣ. ಸಾರಾ ಅಬೂಬಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮನೆಮಾತು ಮಲಯಾಳಂ, ಕಲಿತ ಶಾಲೆ ಕನ್ನಡ. ತಮ್ಮ ಪರಿಸರದಲ್ಲಿ ಶಾಲೆಯ ಓದನ್ನು ಮುಗಿಸಿದ ಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ವಕೀಲರಾಗಿದ್ದ ತಂದೆ ಮಗಳನ್ನು ಶಾಲೆಗೆ ಕಳಿಸಿದರಾದರೂ ಅದರಾಚೆಗಿನ ಓದಿಗೆ ಅಂದಿನ ಸಂಪ್ರದಾಯ ಅಡ್ಡ ಬಂತು. ಮದುವೆಯಾಯಿತು, ನಾಲ್ವರು ಗಂಡುಮಕ್ಕಳ ತಾಯಿಯಾದರು. ಗ್ರಂಥಾಲಯವೊಂದರ ಸದಸ್ಯತ್ವ ಅವರಿಗೆ ದೊರೆತುದು 1963ರಲ್ಲಿ. ಆಗ ಅವರಿಗೆ ಇಪ್ಪತ್ತೇಳು ವರ್ಷ. ಮೊದಲ ಬರಹ ಅಚ್ಚಾದುದು 1980ರ ದಶಕದ ಆರಂಭದಲ್ಲಿ. ನಡುವಿನ ಹದಿನೆಂಟು ವರ್ಷಗಳನ್ನು ವ್ಯರ್ಥವೆಂದು ತಿಳಿಯಬಾರದು. ಮಕ್ಕಳನ್ನು ಬೆಳೆಸುತ್ತ, ಓದುತ್ತ, ಸುತ್ತಲಿನ ಹೆಣ್ಣುಮಕ್ಕಳ ಕಣ್ಣೀರನ್ನು ನೋಡುತ್ತ ಕಳೆದ ವರ್ಷಗಳವು. ನೀರು ಕೂಡುತ್ತಿತ್ತು.

ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಬಳಿಕ ಪುಸ್ತಕವಾಯಿತು. ಧಾರಾವಾಹಿ ಎಂಬ ರೂಪವನ್ನು ಇಲ್ಲಿ ಸ್ವಲ್ಪ ಯೋಚಿಸಬೇಕು. ಒಂದು ಇಡೀ ಕಾದಂಬರಿಗೆ ಸಮಯವಿಲ್ಲದ ಗೃಹಿಣಿಗೂ ವಾರಕ್ಕೊಂದು ಅಧ್ಯಾಯದ ಸಮಯ ದೊರೆಯಬಹುದು. ವಾರದ ಪತ್ರಿಕೆ ಕಾಯುತ್ತದೆ, ಓದುಗರು ಕಾಯುತ್ತಾರೆ. ಆ ಕಾಯುವಿಕೆಯೇ ಬರಹಕ್ಕೊಂದು ಪಾಳಿಯನ್ನು ಗೊತ್ತುಮಾಡುತ್ತದೆ. ಕ್ಷಣಾರ್ಧದಲ್ಲಿ ಹೇಳಿದ ತಲಾಕ್‌ನಿಂದ ಒಡೆದ ಬದುಕಿನ ಕಥೆಯನ್ನು ಆ ಕಾದಂಬರಿ ಹೇಳಿತು. ಅದಕ್ಕೆ ಮೆಚ್ಚುಗೆಯೂ ಬಂತು, ವಿರೋಧವೂ ಬಂತು. ಅವರ ವಿಚಾರಗಳನ್ನು ನಮ್ಮಲ್ಲಿ ಒಪ್ಪಿದವರಿದ್ದಾರೆ, ಒಪ್ಪದವರಿದ್ದಾರೆ. ಆದರೆ ನಮ್ಮ ಮನೆಗಳ ಒಳಗಿನ ಒಂದು ನೋವನ್ನು ಆ ಮನೆಯವರೇ ಕನ್ನಡದಲ್ಲಿ ಹೇಳಿದುದು ಎಲ್ಲರನ್ನೂ ಯೋಚಿಸುವಂತೆ ಮಾಡಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. 1994ರಲ್ಲಿ ಚಂದ್ರಗಿರಿ ಪ್ರಕಾಶನವನ್ನೂ ಆರಂಭಿಸಿದ ಅವರು ಕಾದಂಬರಿ, ಕಥೆ, ಪ್ರಬಂಧಗಳಲ್ಲದೆ ಮಲಯಾಳಂನಿಂದ ಅನುವಾದಗಳನ್ನೂ ಕೊಟ್ಟು, 2023ರ ಜನವರಿ 10ರಂದು ನಿಧನರಾದರು. ನಲವತ್ತರ ನಂತರ ಆರಂಭಿಸಿದರೂ ಒಂದು ಜೀವಮಾನದ ಸಾಹಿತ್ಯವನ್ನು ರಚಿಸಬಹುದೆಂಬುದಕ್ಕೆ ಅವರೇ ಸಾಕ್ಷಿ.

ಬಾನು ಮುಷ್ತಾಕ್ 1948ರಲ್ಲಿ ಹಾಸನದಲ್ಲಿ ಹುಟ್ಟಿದರು. ಉರ್ದು ಮನೆಮಾತಿನ ಈ ಬಾಲಕಿಯನ್ನು ಎಂಟನೆಯ ವಯಸ್ಸಿನಲ್ಲಿ ತಂದೆ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಲು ಹೋದಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಯಿತು. ಅವರು ಕೆಲವೇ ದಿನಗಳಲ್ಲಿ ಕಲಿತರು. ಮೊದಲ ಕಥೆ ಪ್ರಜಾಮತದಲ್ಲಿ ಅಚ್ಚಾಯಿತು. ತಾಯ್ತನದ ಆರಂಭದ ದಿನಗಳಲ್ಲಿ ತಮ್ಮನ್ನು ಆವರಿಸಿದ ತೀವ್ರ ಖಿನ್ನತೆಯ ಬಗ್ಗೆ ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮಗು ಹುಟ್ಟಿದ ಮನೆಯಲ್ಲಿ ಎಲ್ಲರೂ ಮಗುವನ್ನು ನೋಡುತ್ತಾರೆ. ತಾಯಿಯ ಮನಸ್ಸನ್ನು ನೋಡುವವರು ಕಡಿಮೆ. ಅಂಥ ಮನಸ್ಸಿಗೆ ಬರವಣಿಗೆಯು ಔಷಧವಾಗಬಲ್ಲದು. ಮುಂದೆ ಅವರು 1981ರಿಂದ 1990ರವರೆಗೆ ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾದರು, ಆಮೇಲೆ ವಕೀಲರಾದರು. ಸಂಸಾರ, ನ್ಯಾಯಾಲಯ, ಸಾರ್ವಜನಿಕ ಜೀವನಗಳ ನಡುವೆ ಮೂರು ದಶಕಗಳಿಗೂ ಮಿಕ್ಕಿ ಬರೆದರು. ಅವರು ಹೆಚ್ಚಾಗಿ ಆರಿಸಿಕೊಂಡ ರೂಪ ಸಣ್ಣಕಥೆ ಎಂಬುದು ಅರ್ಥಪೂರ್ಣ. ಬಿಡುವಿನ ಸಣ್ಣ ಸಣ್ಣ ತುಂಡುಗಳಲ್ಲಿ ಹಿಡಿಸುವ ಪ್ರಕಾರವದು.

1990ರಿಂದ 2023ರ ನಡುವೆ ಹೀಗೆ ಬಿಡಿಬಿಡಿಯಾಗಿ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದರು. ‘ಹಾರ್ಟ್ ಲ್ಯಾಂಪ್’ ಎಂಬ ಆ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಈ ಪ್ರಶಸ್ತಿ ಬಂದುದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದುದೂ ಅದೇ ಮೊದಲು. ಬಾನು ಅವರ ಎಲ್ಲ ನಿಲುವುಗಳನ್ನೂ ನಮ್ಮ ಸಮುದಾಯ ಒಪ್ಪಿಕೊಂಡಿದೆ ಎಂದಲ್ಲ. ಒಂದು ಕಾಲದಲ್ಲಿ ಅವರು ಬಹಿಷ್ಕಾರವನ್ನೂ ಎದುರಿಸಿದರು. ಆದರೆ ಭಿನ್ನಾಭಿಪ್ರಾಯಕ್ಕೆ ಉತ್ತರ ಮತ್ತೊಂದು ಬರಹವೇ ಹೊರತು ಮೌನವಲ್ಲ. ಅವರು ಕಂಡ ಮನೆಗಿಂತ ಬೇರೆಯಾದ ಮನೆಯನ್ನು ನೀವು ಕಂಡಿದ್ದರೆ, ಅದನ್ನು ಬರೆಯಬೇಕಾದವರು ನೀವೇ.

ಉದ್ಯೋಗದ ನಡುವೆ ಬರೆದ ಗಂಡಸರೂ ನಮ್ಮಲ್ಲಿದ್ದಾರೆ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಬೊಳುವಾರು ಮಹಮದ್ ಕುಂಞಿ ಬ್ಯಾಂಕಿನ ಉದ್ಯೋಗಿಯಾಗಿದ್ದರು. ಪಾಠ, ಲೆಕ್ಕಪತ್ರಗಳ ನಡುವೆಯೇ ಒಬ್ಬರು ಕನ್ನಡಿಗರ ನಾಲಿಗೆಯ ಮೇಲಿರುವ ಕವಿಯಾದರು, ಇನ್ನೊಬ್ಬರು ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಪಡೆದ ಕಾದಂಬರಿಕಾರರಾದರು.

ನಾವು ಕಲಿಯಬೇಕಾದುದು

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು, ಇವರಲ್ಲಿ ಯಾರೂ ಪೂರ್ಣ ಬಿಡುವಿಗಾಗಿ ಕಾಯಲಿಲ್ಲ. ಅಂಥ ಬಿಡುವು ಎಂದೂ ಬರುವುದಿಲ್ಲ. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿ(ಸ)ವಚನದ ತತ್ವವು ಇಲ್ಲಿಗೂ ಸಲ್ಲುತ್ತದೆ. ಫಜ್ರ್ ನಮಾಝಿನ ನಂತರ ಮನೆ ಏಳುವ ಮುನ್ನ ಸಿಗುವ ಅರ್ಧ ಗಂಟೆಯಲ್ಲಿ ಒಂದು ಪುಟ ಬರೆದರೆ ವರ್ಷಕ್ಕೆ ಮುನ್ನೂರು ಪುಟಗಳಾದೀತು. ನಮ್ಮ ಹಲವರ ಅರ್ಧ ಗಂಟೆಯನ್ನು ಇಂದು ಯಾರು ಕುಡಿಯುತ್ತಿದ್ದಾರೆಂದು ಕೈಯಲ್ಲಿರುವ ಮೊಬೈಲನ್ನೇ ಕೇಳಬೇಕು. ಇಬ್ನುಲ್ ಜೌಝಿಯವರ ಅತಿಥಿಗಳು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರು. ನಮ್ಮ ಅತಿಥಿ ಸದಾ ಜೇಬಿನಲ್ಲಿಯೇ ಇದ್ದಾನೆ.

ಎರಡನೆಯದು, ಬರೆದ ಪ್ರತಿ ಹೆಣ್ಣಿನ ಹಿಂದೆ ದಾರಿ ಬಿಟ್ಟುಕೊಟ್ಟ ಒಬ್ಬರಾದರೂ ಇದ್ದರು: ಮೇಣದ ಬತ್ತಿ ಹಿಡಿದ ಅಣ್ಣ, ನಿಂತೇ ಓದಿದ ಪತಿ, ಷರತ್ತನ್ನು ಒಪ್ಪಿ ಶಾಲೆಗೆ ಸೇರಿಸಿದ ತಂದೆ. ಮನೆಯ ನೀರುಗಂಟಿಕೆ ಒಬ್ಬರ ಕೆಲಸವಲ್ಲ. ರಾತ್ರಿ ಊಟದ ಪಾತ್ರೆಗಳನ್ನು ಪತಿ ತೊಳೆದರೆ, ಮಕ್ಕಳನ್ನು ಅಜ್ಜ ಮಸೀದಿಗೆ ಕರೆದೊಯ್ದರೆ, ಅತ್ತೆಯವರು ಸೊಸೆಗೆ ಬಾಗಿಲು ಮುಚ್ಚಿ ಕೂರುವ ಒಂದು ಗಂಟೆಯನ್ನು ಬಿಟ್ಟುಕೊಟ್ಟರೆ, ಕೊನೆಯ ಗದ್ದೆಗೂ ನೀರು ತಲುಪುತ್ತದೆ. ಇದು ಉಪಕಾರವಲ್ಲ, ಹಕ್ಕಿನ ಪಾಲನೆ.

ಮೂರನೆಯದು, ಬದುಕಿಗೆ ಹೊಂದುವ ರೂಪವನ್ನು ಆರಿಸಿಕೊಳ್ಳಬೇಕು. ಮಗು ಎಳೆಯದಿದ್ದಾಗ ಕವಿತೆ, ದಿನಚರಿ, ಪತ್ರ. ಶಾಲೆಗೆ ಹೋಗತೊಡಗಿದ ಮೇಲೆ ಸಣ್ಣಕಥೆ, ಲೇಖನ. ಹೊಣೆ ಇಳಿದಾಗ ಕಾದಂಬರಿ. ಎಳೆಯ ಮಕ್ಕಳ ತಾಯಿ ಇಂದು ಬರೆಯಲಾಗದಿದ್ದರೆ ತಪ್ಪಿತಸ್ಥ ಭಾವನೆ ಬೇಡ. ಓದಿಕೊಂಡಿದ್ದರೂ ಸಾಕು, ಕಂಡುದನ್ನು ಎರಡು ಸಾಲಿನಲ್ಲಿ ಗುರುತು ಹಾಕಿಕೊಂಡರೂ ಸಾಕು. ಸಾರಾ ಅವರ ಹದಿನೆಂಟು ವರ್ಷಗಳನ್ನು ನೆನಪಿಡೋಣ.

ನಾಲ್ಕನೆಯದು, ಬರಹಕ್ಕೆ ಕಾಯುವವರು ಬೇಕು. 1978ರಿಂದ ಮಂಗಳೂರಿನಲ್ಲಿ ಹೊರಡುತ್ತಿರುವ ಸನ್ಮಾರ್ಗ ವಾರಪತ್ರಿಕೆ, ಮಹಿಳೆಯರೇ ರೂಪಿಸುವ ಅನುಪಮ ಮಾಸಿಕಗಳಂಥ ವೇದಿಕೆಗಳು ಕನ್ನಡ ಮುಸ್ಲಿಮರಿಗಿವೆ. ಅವು ಸಾಲವು. ನಮ್ಮ ಪ್ರತಿ ಜಮಾಅತ್‌ನಲ್ಲಿ ಹೆಣ್ಣುಮಕ್ಕಳಿಗೂ ತೆರೆದಿರುವ ಒಂದು ಪುಟ್ಟ ಗ್ರಂಥಾಲಯ, ತಿಂಗಳಿಗೊಮ್ಮೆ ಬರೆದುದನ್ನು ಓದಿ ಹೇಳುವ ಒಂದು ಕೂಟ ಇದ್ದರೆ ಎಷ್ಟು ಚೆನ್ನ! ಮದುವೆಯ ಒಂದು ಹೊತ್ತಿನ ಊಟಕ್ಕೆ ಮಾಡುವ ಖರ್ಚಿನಲ್ಲಿ ಅಂಥ ಗ್ರಂಥಾಲಯವನ್ನು ಕಟ್ಟಬಹುದು.

ಕೊನೆಯದಾಗಿ ನಮ್ಮ ಉದ್ದೇಶ. ಹೆಸರಿಗಾಗಿ, ಪ್ರಶಸ್ತಿಗಾಗಿ ಮಾಡಿದ ಕರ್ಮ ಅಲ್ಲಾಹನ ಬಳಿ ತೂಗುವುದಿಲ್ಲ. ಸತ್ಯಕ್ಕೆ ಸಾಕ್ಷಿ ನುಡಿಯಲು, ನೊಂದವರ ದನಿಯಾಗಲು, ಮುಂದಿನ ಪೀಳಿಗೆಗೆ ನೆನಪನ್ನು ದಾಟಿಸಲು ಬರೆದ ಒಂದು ಪುಟ ಕೂಡ, ನಾವು ಮಣ್ಣಾದ ಮೇಲೂ ಪ್ರಯೋಜನ ಕೊಡುತ್ತಿರುವ ಜ್ಞಾನಗಳ ಸಾಲಿಗೆ ಸೇರಬಹುದು.

ಮಾರ್ಕೋನಹಳ್ಳಿಯ ಅಚ್ಚುಕಟ್ಟಿನಲ್ಲಿ ಹಸಿರಾದ ಗದ್ದೆಗಳೆಲ್ಲ ಸಣ್ಣದೊಂದು ನದಿಯ ಕೊಡುಗೆ. ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಹಳೆಯ ನೋಟ್‌ಬುಕ್ಕನ್ನು ತೆರೆಯೋಣ. ಮನೆಯ ಹಿರಿಯರು ಇನ್ನೂ ನಮ್ಮೊಡನಿದ್ದರೆ ಅವರ ಪಕ್ಕದಲ್ಲಿ ಕುಳಿತು ಅವರ ಅಜ್ಜಿಯ ಹೆಸರೇನೆಂದು ಕೇಳಿ ಬರೆದುಕೊಳ್ಳೋಣ. ನಮ್ಮ ಮೊದಲ ಸಾಲು ಅದೇ ಆಗಲಿ.

ನಮ್ಮ ಸಮಯದಲ್ಲಿಯೂ ನಮ್ಮ ಲೇಖನಿಯಲ್ಲಿಯೂ ಅಲ್ಲಾಹನು ಬರಕತ್ ನೀಡಲಿ. ಮನೆಯವರ ಹಕ್ಕುಗಳನ್ನು ಪರಸ್ಪರ ಅರಿತು ಪಾಲಿಸುವ ಸದ್ಬುದ್ಧಿಯನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.